ನೀರಿನ ಪೈಪು ಹೆಪ್ಪುಗಟ್ಟಿದ ಊರಿನಲ್ಲಿ ನಾಲ್ಕು ರಾತ್ರಿ

ಅಮೆರಿಕದ ಅರಿಝೋನಾ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಟೂಸಾನ್ ನಗರದಿಂದ ಪೂರ್ವಕ್ಕೆ ಸುಮಾರು 45 ಮೈಲಿ ದೂರದಲ್ಲಿ ಬೆನ್ಸನ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿನ ಆರ್‌ವಿ ರೆಸಾರ್ಟ್ ಒಂದರಲ್ಲಿ, ಅಂದರೆ ಮನೆಯಂತಹ ವಾಹನಗಳನ್ನು ನಿಲ್ಲಿಸಿಕೊಂಡು ತಂಗುವ ತಾಣದಲ್ಲಿ, ಫೆಬ್ರವರಿಯ ಎರಡನೆಯ ವಾರ ನಾವು ನಾಲ್ಕು ರಾತ್ರಿ ತಂಗಿದ್ದೆವು. ರೆಸಾರ್ಟಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನನಗಿರುವ ಒಂದೆರಡು ದೂರುಗಳು ಆ ವಾರಕ್ಕೆ ಮತ್ತು ಕಚೇರಿಯ ಮೇಜಿನ ಹಿಂದೆ ಕುಳಿತಿದ್ದ ಒಬ್ಬ ಸಿಬ್ಬಂದಿಗೆ ಸಂಬಂಧಿಸಿದವು. ಅವನ್ನು ಸಂಸ್ಥೆಯ ಹೆಸರಿಗೆ ಅಂಟಿಸುವುದು ನ್ಯಾಯವಲ್ಲ. ಅಲ್ಲದೆ ಬೆನ್ಸನ್ ಸುತ್ತಮುತ್ತ ಇಂತಹ ತಾಣಗಳು ಹಲವಿದ್ದು, ಸೌಕರ್ಯದಲ್ಲಿ ಒಂದಕ್ಕೂ ಇನ್ನೊಂದಕ್ಕೂ ದೊಡ್ಡ ಅಂತರವೇನಿಲ್ಲ. ಆದ್ದರಿಂದ ಇಲ್ಲಿ ಬರೆದಿರುವುದರಲ್ಲಿ ಬಹುಪಾಲು ಆ ಸೀಮೆಯ ಯಾವ ರೆಸಾರ್ಟಿಗೆ ಹೋಗುವವರಿಗಾದರೂ ಉಪಯೋಗಕ್ಕೆ ಬಂದೀತು.

ಹೊರಟವರು ನಾನು, ನನ್ನ ಪತ್ನಿ, ಮತ್ತು ಊರಿನಿಂದ ಬಂದಿದ್ದ ನನ್ನ ತಂದೆ ತಾಯಿ. ತಂದೆಯವರು ಕೋಲಾರ ಚಿನ್ನದ ಗಣಿಯ ಸರ್ವೇ ವಿಭಾಗದಲ್ಲಿ, 2001ರ ಫೆಬ್ರವರಿ 28ರಂದು ಗಣಿಯ ಬಾಗಿಲು ಮುಚ್ಚುವವರೆಗೂ, ಕೆಲಸ ಮಾಡಿದವರು. ಹಿಂದಿನ ಸಲ ಬಂದಾಗ ಅವರನ್ನು ಲಾಸ್ ವೇಗಸ್‌ಗೆ ಕರೆದೊಯ್ದಿದ್ದೆ. ದೀಪಗಳನ್ನೆಲ್ಲ ನೋಡಿ ಮುಗಿಸಿ, "ಇದಕ್ಕೆಲ್ಲ ಕರೆಂಟು ಎಲ್ಲಿಂದ ತರ್ತಾರಪ್ಪ?" ಎಂದಷ್ಟೇ ಕೇಳಿದ್ದರು. ಈ ಸಲ ಗಣಿ ತೋರಿಸೋಣವೆಂದು ಟೂಂಬ್‌ಸ್ಟೋನ್ ಮತ್ತು ಬಿಸ್ಬೀ ಎಂಬ ಎರಡು ಹಳೆಯ ಗಣಿ ಊರುಗಳನ್ನು ಆರಿಸಿಕೊಂಡೆ. ತಾಯಿಯವರಿಗೆ ಹೋಟೆಲಿನ ಊಟ ಹಿಡಿಸುವುದಿಲ್ಲವಾದ್ದರಿಂದ, ಅಡುಗೆಮನೆ ಇರುವ 25 ಅಡಿ ಉದ್ದದ ಮೋಟರ್‌ಹೋಮ್ ಒಂದನ್ನು ಬಾಡಿಗೆಗೆ ಹಿಡಿದೆವು. ಪತ್ನಿ ನಮ್ಮ ಕಾರನ್ನು ಹಿಂದೆಯೇ ಓಡಿಸಿಕೊಂಡು ಬಂದಳು. ಈ ಎರಡನೆಯ ವಾಹನದ ಬುದ್ಧಿವಂತಿಕೆ ಆಕೆಯದು. ನಾನು ಅದನ್ನು ದಂಡದ ಖರ್ಚೆಂದು ವಾದಿಸಿ ಸೋತಿದ್ದೆ.

ಮರುಭೂಮಿ ಎಂದೊಡನೆ ನಮ್ಮ ಮನಸ್ಸಿಗೆ ಬರುವ ಮರಳುಗುಡ್ಡೆ ಇಲ್ಲಿಲ್ಲ. ಟೂಸಾನ್ ದಾಟಿ ಹೆದ್ದಾರಿ ಮೇಲೇರುತ್ತಿದ್ದಂತೆ, ತೋಳೆತ್ತಿ ನಿಂತಂತಿರುವ ಎತ್ತರದ ಸಗ್ವಾರೋ ಕಳ್ಳಿಗಳು ಕಡಿಮೆಯಾಗುತ್ತ ಬಂದು, ಹಳದಿ ಹುಲ್ಲು, ಜಾಲಿಯನ್ನು ಹೋಲುವ ಮೆಸ್ಕೀಟ್ ಪೊದೆ ಮತ್ತು ಕತ್ತಾಳೆಯ ಜಾತಿಯ ಗಿಡಗಳು ತುಂಬಿದ ಬಯಲು ಎದುರಾಗುತ್ತದೆ. ಬೆನ್ಸನ್ ಇರುವುದು ಸಮುದ್ರಮಟ್ಟದಿಂದ ಸುಮಾರು 3,600 ಅಡಿ ಎತ್ತರದಲ್ಲಿ, ಅಂದರೆ ಬೆಂಗಳೂರಿಗಿಂತ ಮೇಲೆ. ಟೂಂಬ್‌ಸ್ಟೋನ್ 4,500 ಅಡಿಯಲ್ಲಿ, ಮಡಿಕೇರಿಗಿಂತಲೂ ಎತ್ತರದಲ್ಲಿದೆ. ಬಿಸ್ಬೀ 5,500 ಅಡಿಯಲ್ಲಿದೆ. ಗಾಳಿ ಒಣಗಿರುವುದರಿಂದ ಹಗಲಿನ ಶಾಖ ಸೂರ್ಯ ಇಳಿದ ಗಂಟೆಯೊಳಗೆ ಹಾರಿಹೋಗುತ್ತದೆ. ಮಧ್ಯಾಹ್ನ ಅಂಗಿಯ ತೋಳು ಮಡಿಸಿಕೊಂಡು ಓಡಾಡಿದ ನಾವು ರಾತ್ರಿ ಎರಡು ಕಂಬಳಿ ಹೊದ್ದು ಮಲಗಿದೆವು. ಈ ಸಂಗತಿ ಕಾದಿರಿಸುವ ಮುಂಚೆಯೇ ನನ್ನ ತಲೆಗೆ ಸರಿಯಾಗಿ ಇಳಿದಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ರೆಸಾರ್ಟ್ ಎಂಬ ಮಾತನ್ನು ನಂಬಿ ಕೊಡಗಿನ ಅಥವಾ ಚಿಕ್ಕಮಗಳೂರಿನ ರೆಸಾರ್ಟನ್ನು ಕಲ್ಪಿಸಿಕೊಂಡು ಹೋಗಬಾರದು. ಇಲ್ಲಿ ನಿಮಗೆ ಸಿಗುವುದು ಜಲ್ಲಿ ಹಾಸಿದ ಒಂದು ತುಂಡು ನೆಲ, ಒಂದು ಕಲ್ಲು ಮೇಜು, ಒಂದು ವಿದ್ಯುತ್ ಪೆಟ್ಟಿಗೆ, ಒಂದು ನಲ್ಲಿ ಮತ್ತು ಒಳಚರಂಡಿಗೆ ಸೇರುವ ಒಂದು ತೂತು. ಮನೆಯನ್ನು ನೀವೇ ಚಕ್ರದ ಮೇಲೆ ತಂದಿರುತ್ತೀರಿ. ಈ ಮೂರೂ ಸಂಪರ್ಕಗಳಿರುವ ಜಾಗವನ್ನು ಫುಲ್ ಹುಕಪ್ ಸೈಟ್ ಎನ್ನುತ್ತಾರೆ. ನಾನು ಕಾದಿರಿಸಿದ್ದುದು ಬಯಲಿನ ಅಂಚಿನಲ್ಲಿದ್ದ, ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಬರಬಹುದಾದ ಪುಲ್ ಥ್ರೂ ಸೈಟ್. ಕೊಟ್ಟದ್ದು ಬಟ್ಟೆ ಒಗೆಯುವ ಕೋಣೆಯ ಮಗ್ಗುಲಿನ, ಹಿಮ್ಮುಖವಾಗಿ ನಿಲ್ಲಿಸಬೇಕಾದ ಜಾಗ. ನಮ್ಮ ಸೈಟಿನಲ್ಲಿದ್ದ ಮಾಸಿಕ ಬಾಡಿಗೆದಾರರು ಇನ್ನೂ ಕೆಲವು ದಿನ ಉಳಿಯಲು ಬಯಸಿದ್ದಾರೆಂದು ಕಚೇರಿಯಾತ ಸಮಾಧಾನದ ಸ್ವರದಲ್ಲಿ ಹೇಳಿದನು. ಬಾಡಿಗೆಯ ವ್ಯತ್ಯಾಸದ ಮಾತನ್ನು ಮಾತ್ರ ಎತ್ತಲಿಲ್ಲ. ರಾತ್ರಿಗೆ 8 ಡಾಲರ್‌ನಂತೆ ಆ ಹಣವನ್ನು ಹಿಂದಕ್ಕೆ ಪಡೆಯಲು ಮೂರು ಬಾರಿ ಕೇಳಬೇಕಾಯಿತು. ಚಳಿಗಾಲದಲ್ಲಿ ಈ ಸೀಮೆಯ ಸೈಟುಗಳಲ್ಲಿ ಬಹಳಷ್ಟನ್ನು ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬರುವ ನಿವೃತ್ತರು ತಿಂಗಳುಗಟ್ಟಲೆ ಹಿಡಿದಿರುತ್ತಾರೆ. ನಾಲ್ಕು ದಿನದ ಅತಿಥಿ ಅವರ ನಡುವೆ ಸಂತೆಗೆ ಬಂದವನಂತೆ. ಇದನ್ನು ಅರಿತು, ಸೈಟಿನ ಸಂಖ್ಯೆಯನ್ನೇ ಬರೆಸಿಕೊಂಡು ಖಾತರಿ ಮಾಡಿಕೊಳ್ಳುವುದು ಒಳ್ಳೆಯದು.

ವಿದ್ಯುತ್ತಿನ ಲೆಕ್ಕವನ್ನು ಮೊದಲ ಸಂಜೆಯೇ ಕಲಿತೆವು. ನಮ್ಮ ಅಳತೆಯ ಮೋಟರ್‌ಹೋಮ್‌ಗೆ ಇರುವುದು 30 ಆಂಪ್‌ನ ಪ್ಲಗ್. 120 ವೋಲ್ಟ್‌ನಲ್ಲಿ ಅದು ಕೊಡಬಲ್ಲದ್ದು ಹೆಚ್ಚೆಂದರೆ 3,600 ವ್ಯಾಟ್. ತಾಯಿಯವರು 1,800 ವ್ಯಾಟ್‌ನ ಇಂಡಕ್ಷನ್ ಒಲೆಯ ಮೇಲೆ ಸಾರಿಗಿಟ್ಟಿದ್ದರು. ಕಾಲ ಬುಡದಲ್ಲಿ 1,500 ವ್ಯಾಟ್‌ನ ಹೀಟರ್ ಉರಿಯುತ್ತಿತ್ತು. ಅಷ್ಟರಲ್ಲಿ ನಾನು ರೈಸ್ ಕುಕ್ಕರಿನ ಗುಂಡಿ ಒತ್ತಿದೆ. ಇಡೀ ಗಾಡಿ ಕತ್ತಲಾಯಿತು. ತಂದೆಯವರು ಕತ್ತಲಲ್ಲಿಯೇ ಮೂರನ್ನೂ ಕೂಡಿಸಿ ಹೇಳಿ, ಬ್ರೇಕರ್ ಎಲ್ಲಿದೆಯೆಂದು ಕೇಳಿದರು. ಅಂದಿನಿಂದ ಅನ್ನ ಮತ್ತು ಸಾರು ಗ್ಯಾಸಿನ ಮೇಲೆ, ಕಾಫಿ ಮಾತ್ರ ಇಂಡಕ್ಷನ್ ಮೇಲೆ ಎಂಬ ನಿಯಮ ಜಾರಿಗೆ ಬಂತು. 50 ಆಂಪ್‌ನ ದೊಡ್ಡ ಗಾಡಿಗಳಲ್ಲಿ ಈ ತಾಪತ್ರಯವಿರದು. ಅದರಲ್ಲಿ ಎರಡು ತಂತಿಗಳಲ್ಲಿ ವಿದ್ಯುತ್ ಬರುವುದರಿಂದ 12,000 ವ್ಯಾಟ್‌ವರೆಗೆ ಬಳಸಬಹುದು. ಸಣ್ಣ ಗಾಡಿಯವರು ಅಂತಹ ಸೈಟಿಗೆ ಹೆಚ್ಚು ಹಣ ತೆತ್ತರೂ ಗಾಡಿಯ ಪ್ಲಗ್ ಬದಲಾಗುವುದಿಲ್ಲ.

ನೀರಿನ ಪಾಠ ಎರಡನೆಯ ಬೆಳಿಗ್ಗೆ ಆಯಿತು. ಕಚೇರಿಯಲ್ಲಿ ಕೊಟ್ಟ ಹಾಳೆಯ ಕೊನೆಯಲ್ಲಿ, ರಾತ್ರಿ ಹಿಮಬಿಂದುವಿಗಿಂತ ಕೆಳಗೆ ಇಳಿಯುವ ಸಂಭವವಿದ್ದರೆ ನಲ್ಲಿಯಿಂದ ಹೋಸ್ ಪೈಪನ್ನು ಬಿಚ್ಚಿ, ಒಳಗಿನ ತೊಟ್ಟಿಯಲ್ಲಿ ನೀರು ತುಂಬಿಟ್ಟುಕೊಳ್ಳಬೇಕೆಂದು ಸಣ್ಣ ಅಕ್ಷರಗಳಲ್ಲಿ ಮುದ್ರಿಸಿದ್ದರು. ನಾನು ಈಜುಕೊಳದ ವೇಳೆಯನ್ನು ಓದಿದ್ದೆ, ಅದನ್ನು ಓದಿರಲಿಲ್ಲ. ಬೆಳಗಿನ ಆರಕ್ಕೆ ಹೊರಗೆ 27 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸೊನ್ನೆಗಿಂತ ಸುಮಾರು 3 ಡಿಗ್ರಿ ಸೆಲ್ಸಿಯಸ್ ಕೆಳಗೆ. ಪೈಪು ಕಬ್ಬಿನ ಜಲ್ಲೆಯಂತೆ ಬಿರುಸಾಗಿ ಬಿದ್ದಿತ್ತು. ಒಳಗಿನ ತೊಟ್ಟಿ ಖಾಲಿ. ಫಿಲ್ಟರಿಗೆ ಕಾಫಿಪುಡಿ ಹಾಕಿ ಕಾದಿದ್ದ ತಾಯಿಯವರು ಏನೂ ಮಾತಾಡಲಿಲ್ಲ. ಅವರು ಮಾತಾಡಿದ್ದರೆ ಚೆನ್ನಾಗಿತ್ತು. ಎದುರಿನ ಸೈಟಿನ ಮಿನೆಸೋಟಾದ ಹಿರಿಯರೊಬ್ಬರು ಒಂದು ಕೊಡದಷ್ಟು ನೀರು ತಂದುಕೊಟ್ಟು, ಬಿಸಿಲು ತಾಗುವವರೆಗೆ ಪೈಪನ್ನು ಬಗ್ಗಿಸಬೇಡಿ, ಸೀಳಿಹೋಗುತ್ತದೆ ಎಂದು ಎಚ್ಚರಿಸಿದರು. ಒಂಬತ್ತೂವರೆಯ ಹೊತ್ತಿಗೆ ಅದು ತಾನೇ ಸಡಿಲವಾಯಿತು.

ಗಲೀಜು ನೀರಿನ ವಿಲೇವಾರಿಯನ್ನು ಕಲಿಸಿದವರೂ ಅವರೇ. ಶೌಚದ ತೊಟ್ಟಿಯನ್ನು ಬ್ಲ್ಯಾಕ್ ಟ್ಯಾಂಕ್ ಎಂದೂ ಸ್ನಾನ ಮತ್ತು ಪಾತ್ರೆಯ ನೀರಿನ ತೊಟ್ಟಿಯನ್ನು ಗ್ರೇ ಟ್ಯಾಂಕ್ ಎಂದೂ ಕರೆಯುತ್ತಾರೆ. ಚರಂಡಿಯ ಸಂಪರ್ಕವಿದೆಯೆಂದು ಮೊದಲನೆಯದರ ಕವಾಟವನ್ನು ಸದಾ ತೆರೆದಿಟ್ಟರೆ ದ್ರವ ಮಾತ್ರ ಹರಿದುಹೋಗಿ ಉಳಿದದ್ದು ತಳದಲ್ಲಿ ಗುಡ್ಡೆಯಾಗುತ್ತದೆ. ಆದ್ದರಿಂದ ಅದನ್ನು ಮುಚ್ಚಿಟ್ಟು, ತುಂಬುತ್ತ ಬಂದಾಗ ಒಮ್ಮೆಲೇ ಬಿಡಬೇಕು; ಅನಂತರ ಗ್ರೇ ಟ್ಯಾಂಕನ್ನು ಬಿಟ್ಟರೆ ಸಾಬೂನಿನ ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಬಾಡಿಗೆ ಕಂಪನಿಯವರು ಇದನ್ನು ಐದು ನಿಮಿಷದ ವಿಡಿಯೋದಲ್ಲಿ ಮುಗಿಸಿಬಿಟ್ಟಿದ್ದರು.

ಉಳಿದ ಸೌಕರ್ಯಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಿಸಿ ಮಾಡಿದ ಈಜುಕೊಳ ಚೊಕ್ಕಟವಾಗಿತ್ತು, ಸ್ನಾನದ ಕೋಣೆಗಳೂ ಹಾಗೆಯೇ. ಕ್ಲಬ್‌ಹೌಸಿನಲ್ಲಿ ಬುಧವಾರ ಇಸ್ಪೀಟು. ವೈಫೈ ಹೆಸರಿಗಷ್ಟೇ ಇತ್ತು. ಪ್ರಶಾಂತ ವಾತಾವರಣ ಎಂದು ಜಾಹೀರಾತಿನಲ್ಲಿದ್ದರೂ ರಾತ್ರಿ ಸರಕು ರೈಲುಗಳು ಊರನ್ನು ಸೀಳಿಕೊಂಡು ಹೋಗುತ್ತವೆ, ಅವುಗಳ ಕೂಗಿಗೆ ಹೊತ್ತುಗೊತ್ತಿಲ್ಲ. ಇದನ್ನು ದೂರೆಂದು ಬರೆಯಬೇಕೆಂದಿದ್ದೆ. ಆದರೆ ಬೆನ್ಸನ್ ಎಂಬ ಊರು ಹುಟ್ಟಿದ್ದೇ 1880ರಲ್ಲಿ ಸದರ್ನ್ ಪೆಸಿಫಿಕ್ ರೈಲುಮಾರ್ಗ ಇಲ್ಲಿಗೆ ಬಂದು ತಲುಪಿದಾಗ. ಟೂಂಬ್‌ಸ್ಟೋನ್‌ನ ಬೆಳ್ಳಿ ಹೊರಜಗತ್ತಿಗೆ ಹೋದದ್ದು ಈ ನಿಲ್ದಾಣದ ಮೂಲಕ. ರೈಲು ಮೊದಲು ಬಂತು, ರೆಸಾರ್ಟ್ ಆಮೇಲೆ. ತಂದೆಯವರಿಗಂತೂ ಕೋಲಾರ ಗಣಿ ಊರಿನ ಮಾರಿಕುಪ್ಪಂ ರೈಲು ನೆನಪಾಗಿ ಚೆನ್ನಾಗಿ ನಿದ್ದೆ ಬಂತಂತೆ.

ಇಂತಹ ಜಾಗಕ್ಕೆ ಕೊಟ್ಟ ಹಣ ಸಾರ್ಥಕವಾಗುವುದು ಅದರ ಬೇಲಿಯ ಹೊರಗೆ. ಟೂಂಬ್‌ಸ್ಟೋನ್‌ಗೆ ಕಾರಿನಲ್ಲಿ ಅರ್ಧ ಗಂಟೆ. 1877ರಲ್ಲಿ ಎಡ್ ಶಿಫಲಿನ್ ಎಂಬಾತ ಅಪಾಚೆ ಎಂಬ ಮೂಲನಿವಾಸಿಗಳ ನೆಲವಾಗಿದ್ದ ಈ ಗುಡ್ಡಗಳಲ್ಲಿ ಅದಿರು ಹುಡುಕಲು ಹೊರಟಾಗ, ನಿನಗೆ ಅಲ್ಲಿ ಸಿಗುವ ಕಲ್ಲೆಂದರೆ ನಿನ್ನ ಗೋರಿಕಲ್ಲು, ಅಂದರೆ ಟೂಂಬ್‌ಸ್ಟೋನ್, ಮಾತ್ರ ಎಂದು ಅಣಕಿಸಿದರಂತೆ. ಅವನಿಗೆ ಬೆಳ್ಳಿ ಸಿಕ್ಕಿತು; ಹೆಸರು ಊರಿಗೆ ಉಳಿಯಿತು. ಇಂದು ಆ ಊರು ಬದುಕುತ್ತಿರುವುದು 1881ರ ಅಕ್ಟೋಬರ್ 26ರ ಅರ್ಧ ನಿಮಿಷದ ಗುಂಡಿನ ಕಾಳಗದ ಮೇಲೆ. ಊರಿನ ಕಾನೂನು ಕಾಯುವ ಅರ್ಪ್ ಸಹೋದರರು ಮತ್ತು ಅವರ ಗೆಳೆಯ ಡಾಕ್ ಹಾಲಿಡೇ ಒಂದು ಕಡೆ, ಕೌಬಾಯ್‌ಗಳಾದ ಕ್ಲ್ಯಾಂಟನ್ ಮತ್ತು ಮೆಕ್ಲಾರಿ ಸಹೋದರರ ಗುಂಪು ಇನ್ನೊಂದು ಕಡೆ, ಸತ್ತವರು ಮೂವರು. ಕಾಳಗಕ್ಕೆ ಓಕೆ ಕೊರಾಲ್ ಎಂಬ ಲಾಯದ ಹೆಸರು ಅಂಟಿಕೊಂಡಿದೆಯಾದರೂ ಅದು ನಡೆದದ್ದು ಲಾಯದಾಚೆ, ಒಂದು ಫೋಟೋ ಸ್ಟುಡಿಯೋದ ಪಕ್ಕದ ಇಕ್ಕಟ್ಟಾದ ಖಾಲಿ ಜಾಗದಲ್ಲಿ. ಟಿಕೆಟ್ಟು ಕೊಂಡು ಅದರ ನಾಟಕವನ್ನು ನೋಡಿದೆವು. ನಟರು ಹುಮ್ಮಸ್ಸಿನವರು, ಮೀಸೆಗಳು ದೊಡ್ಡವು. ಒಂದು ಸಲ ನೋಡಬಹುದು.

ಟೂಂಬ್‌ಸ್ಟೋನ್‌ನಲ್ಲಿ ಹೊತ್ತು ಕಳೆಯಬೇಕಾದ ಜಾಗ 1882ರಲ್ಲಿ ಕಟ್ಟಿದ, ಈಗ ರಾಜ್ಯ ಸ್ಮಾರಕವಾಗಿರುವ ಕೆಂಪು ಇಟ್ಟಿಗೆಯ ನ್ಯಾಯಾಲಯ. ಈ ಸೀಮೆಯ ಜಿಲ್ಲೆಯಾದ ಕೊಚೀಸ್ ಕೌಂಟಿಯ ಆಡಳಿತ 1929ರಲ್ಲಿ ಬಿಸ್ಬೀಗೆ ಹೋಗುವವರೆಗೂ ಇದೇ ಅದರ ಕೇಂದ್ರವಾಗಿತ್ತು. ಗಣಿಯ ನಿಜವಾದ ಕಥೆ ಇಂತಹ ಜಾಗಗಳಲ್ಲಿ ಸಿಗುತ್ತದೆ. ಊರಿಗೆ ಕುಡಿಯುವ ನೀರಿಲ್ಲದೆ, ಇಪ್ಪತ್ತಕ್ಕೂ ಹೆಚ್ಚು ಮೈಲಿ ದೂರದ ಹುವಾಚೂಕಾ ಬೆಟ್ಟಗಳಿಂದ ಕಬ್ಬಿಣದ ಪೈಪಿನಲ್ಲಿ ನೀರು ತರಬೇಕಾಯಿತು. ಅದೇ ಕಾಲಕ್ಕೆ, 1881ರಲ್ಲಿ, ಗಣಿಯೊಳಗೆ ಸುಮಾರು 520 ಅಡಿ ಆಳದಲ್ಲಿ ನೀರು ಉಕ್ಕಿತು. ದೊಡ್ಡ ಪಂಪುಗಳನ್ನು ತಂದು ಕೂರಿಸಿದರು. 1886ರಲ್ಲಿ ಪಂಪು ಮನೆಯೊಂದು ಬೆಂಕಿಗೆ ಆಹುತಿಯಾದ ಮೇಲೆ ಗಣಿಗಾರಿಕೆ ಹಿಂದಿನ ಮಟ್ಟಕ್ಕೆ ಏಳಲೇ ಇಲ್ಲ. ಮೇಲೆ ಬಾಯಾರಿಕೆ, ಕೆಳಗೆ ಪ್ರವಾಹ. ತಂದೆಯವರು ನಾಟಕಕ್ಕಿಂತ ಈ ಪಂಪಿನ ಕಥೆಯನ್ನೇ ಎರಡು ಬಾರಿ ಓದಿಸಿ ಕೇಳಿದರು. ಗುಲಾಬಿಯ ಮ್ಯೂಸಿಯಂ ಒಂದಿದೆ. 1885ರಲ್ಲಿ ನೆಟ್ಟ ಒಂದೇ ಬಳ್ಳಿ 8,000 ಚದರ ಅಡಿಗೂ ಮೀರಿ ಹಬ್ಬಿ ಚಪ್ಪರವಾಗಿದೆ. ಹೂ ಬಿಡುವುದು ವಸಂತದಲ್ಲಿ. ನಾವು ಹೋದಾಗ ಬರೀ ಕಡ್ಡಿ ಕಂಡಿತು.

ಬಿಸ್ಬೀಗೆ ಒಂದು ಇಡೀ ದಿನ ಕೊಡಬೇಕು. ಹೆದ್ದಾರಿ 80 ಒಂದು ಸುರಂಗವನ್ನು ಹೊಕ್ಕು ಹೊರಬರುತ್ತಿದ್ದಂತೆ, ಕಿರಿದಾದ ಕಣಿವೆಯ ಎರಡೂ ಇಳಿಜಾರುಗಳಿಗೆ ಮನೆಗಳು ಅಂಟಿಕೊಂಡಿರುವ ಊರು ಕಾಣುತ್ತದೆ. ಹಳೆಯ ಬಿಸ್ಬೀಯ ಬೀದಿಗಳನ್ನು ಕಂಡೊಡನೆ ಕಾರು ತಂದದ್ದು ಎಷ್ಟು ಸರಿಯೆಂದು ಒಪ್ಪಿಕೊಂಡೆ. ಮೋಟರ್‌ಹೋಮ್ ಆ ತಿರುವುಗಳಲ್ಲಿ ಸಿಕ್ಕಿಬಿದ್ದಿದ್ದರೆ ಅದೂ ಒಂದು ಐತಿಹಾಸಿಕ ಆಕರ್ಷಣೆಯಾಗುತ್ತಿತ್ತು. 1880ರಿಂದ ಸುಮಾರು ನೂರು ವರ್ಷ ತಾಮ್ರ ತೆಗೆದ ಇಲ್ಲಿನ ಕ್ವೀನ್ ಗಣಿ 1975ರಲ್ಲಿ ಮುಚ್ಚಿತು. ಮರುವರ್ಷವೇ ಪ್ರವಾಸಿಗರಿಗೆ ತೆರೆಯಿತು. ಟಿಕೆಟ್ಟನ್ನು ಮೊದಲೇ ಕಾದಿರಿಸಬೇಕು. ಹೆಲ್ಮೆಟ್, ಹಳದಿ ಮೇಲಂಗಿ, ದೀಪ ಮತ್ತು ಒಂದು ಹಿತ್ತಾಳೆಯ ಬಿಲ್ಲೆ ಕೊಟ್ಟು, ಕಾಲು ಆಚೀಚೆ ಹಾಕಿ ಕೂರುವ ಪುಟ್ಟ ರೈಲಿನಲ್ಲಿ ಬೆಟ್ಟದೊಳಕ್ಕೆ 1,500 ಅಡಿ ಕರೆದೊಯ್ಯುತ್ತಾರೆ. ಒಳಗಡೆ ವರ್ಷವಿಡೀ 47 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 8 ಡಿಗ್ರಿ ಸೆಲ್ಸಿಯಸ್. ಕೋಲಾರ ಗಣಿಯ ಚಾಂಪಿಯನ್ ರೀಫ್‌ನ ಆಳದಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ಮೀರುತ್ತಿದ್ದುದನ್ನು ಕಂಡ ತಂದೆಯವರು, "ಇದು ಗಣಿಯಲ್ಲಪ್ಪ, ಐಸ್‌ಪೆಟ್ಟಿಗೆ" ಎಂದರು. ಆದರೆ ಬಿಲ್ಲೆಯನ್ನು ಅವರು ಅಂಗೈಯಲ್ಲಿ ಬಿಗಿಯಾಗಿ ಹಿಡಿದೇ ಇದ್ದರು. ಪಾಳಿ ಮುಗಿದಾಗ ಹಲಗೆಯ ಮೇಲೆ ಒಂದು ಬಿಲ್ಲೆ ಕಡಿಮೆಯಾದರೆ ಒಬ್ಬ ಮನುಷ್ಯ ಇನ್ನೂ ಕೆಳಗಿದ್ದಾನೆಂದು ಅರ್ಥ; ಅದನ್ನು ಮಾರ್ಗದರ್ಶಕ ಇಂಗ್ಲಿಷಿನಲ್ಲಿ ವಿವರಿಸುವ ಮೊದಲೇ ಇವರು ನಮಗೆ ಕನ್ನಡದಲ್ಲಿ ಹೇಳಿಯಾಗಿತ್ತು.

ಗಣಿಯೊಳಗೆ ಹಳಿಯ ಮೇಲೆ ಓಡುವ, ಇಬ್ಬರು ಕೂರಬಹುದಾದ ಶೌಚದ ಗಾಡಿಯೊಂದನ್ನು ಉಳಿಸಿದ್ದಾರೆ. ಬೆಳಿಗ್ಗೆ ತಾನೇ ಬ್ಲ್ಯಾಕ್ ಟ್ಯಾಂಕಿನ ಕವಾಟ ಎಳೆದು ಬಂದಿದ್ದ ನಾನು ಅದನ್ನು ಉಳಿದ ಪ್ರವಾಸಿಗರಿಗಿಂತ ಹೆಚ್ಚು ಗೌರವದಿಂದ ನೋಡಿದೆ.

ಗಣಿಯಿಂದ ಹೊರಬಂದವರು ತಪ್ಪದೆ ಗಣಿಗಾರಿಕೆಯ ಮ್ಯೂಸಿಯಂಗೆ ಹೋಗಬೇಕು. 1917ರ ಜುಲೈ 12ರಂದು, ಮುಷ್ಕರ ಹೂಡಿದ್ದವರು ಮತ್ತು ಅವರ ಬೆಂಬಲಿಗರು ಸೇರಿ ಸುಮಾರು 1,200 ಮಂದಿಯನ್ನು ಬಂದೂಕಿನ ಕಾವಲಿನಲ್ಲಿ ಒಟ್ಟುಗೂಡಿಸಿ, ದನ ಸಾಗಿಸುವ ರೈಲುಡಬ್ಬಿಗಳಿಗೆ ತುಂಬಿ, ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿ ಇಳಿಸಿ ಬಂದ ಕಥೆ ಅಲ್ಲಿದೆ. ಟೂಂಬ್‌ಸ್ಟೋನ್‌ನ ಮೂರು ಹೆಣಗಳಿಗೆ ದಿನಕ್ಕೆ ಹಲವು ಪ್ರದರ್ಶನ, ಬಿಸ್ಬೀಯ ಸಾವಿರದ ಇನ್ನೂರು ಜನರಿಗೆ ಗೋಡೆಯ ಮೇಲಿನ ಚಿತ್ರಗಳು. ಊರ ಹೊರಗಿನ ಲ್ಯಾವೆಂಡರ್ ಪಿಟ್ ಎಂಬ ತೆರೆದ ಗಣಿ ಸುಮಾರು 900 ಅಡಿ ಆಳದ, ಕೆಂಪು ನೇರಳೆ ಬಣ್ಣಗಳ ಕುಳಿ. ಹೆಸರು ಬಣ್ಣದಿಂದ ಬಂದದ್ದಲ್ಲ. ಹ್ಯಾರಿಸನ್ ಲ್ಯಾವೆಂಡರ್ ಎಂಬ ಗಣಿ ಅಧಿಕಾರಿಯದು. ರಸ್ತೆಯ ಪಕ್ಕದಲ್ಲಿಯೇ ನಿಲ್ಲಿಸಿ ನೋಡಬಹುದು, ಹಣ ಕೊಡಬೇಕಿಲ್ಲ. ತಂದೆಯವರು ಬೇಲಿಗೆ ಒರಗಿ ಬಹಳ ಹೊತ್ತು ನಿಂತರು. ಆಚೆಯ ಮಣ್ಣಿನ ದಿಬ್ಬಗಳನ್ನು ತೋರಿಸಿ, ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ನಮ್ಮ ಸೈನೈಡ್ ದಿಬ್ಬದ ಹಾಗೆಯೇ ಇದೆ, ಗಾಳಿ ಬಂದರೆ ಇಲ್ಲಿಯವರೂ ಕಿಟಕಿ ಮುಚ್ಚುತ್ತಾರೇನೋ ಎಂದರು.

ಕಾರ್ಚ್‌ನರ್ ಗುಹೆಗಳು ಬೆನ್ಸನ್‌ಗೆ ಇನ್ನೂ ಹತ್ತಿರ. ಗ್ಯಾರಿ ಟೆನನ್ ಮತ್ತು ರ್‍ಯಾಂಡಿ ಟಫ್ಟ್ಸ್ ಎಂಬ ಇಬ್ಬರು ಯುವಕರು 1974ರಲ್ಲಿ ಇದನ್ನು ಕಂಡುಹಿಡಿದು, ಹಾಳಾದೀತೆಂಬ ಭಯದಿಂದ 1988ರವರೆಗೆ ಊರಿಗೆ ತಿಳಿಯದಂತೆ ಕಾಪಾಡಿದರು. ಜನರಿಗೆ ತೆರೆದದ್ದು 1999ರಲ್ಲಿ. ಹೊರಗಿನ ಒಣಗಾಳಿ ನುಗ್ಗದಂತೆ ಒಂದರ ಹಿಂದೊಂದು ಬಾಗಿಲುಗಳಿವೆ. ಒಳಗಿನ ತೇವಾಂಶ ಶೇಕಡ 99ರಷ್ಟು; ನಾಲ್ಕು ದಿನದಿಂದ ಒಡೆದಿದ್ದ ತುಟಿ ಅಲ್ಲಿ ಮೆತ್ತಗಾಯಿತು. ಹನಿ ಹನಿಯಾಗಿ ಬೆಳೆದ 58 ಅಡಿಯ ಸುಣ್ಣಕಲ್ಲಿನ ಕಂಬವಿದೆ, 21 ಅಡಿ ಉದ್ದದ, ಬಳಪದಷ್ಟು ತೆಳುವಾದ ಕೊಳವೆಯಿದೆ. ಫೋಟೋ ತೆಗೆಯುವಂತಿಲ್ಲ, ಮುಟ್ಟುವಂತಿಲ್ಲ. ನೋಡಲು ಬಿಡುವ ಎರಡು ಭಾಗಗಳಲ್ಲಿ ಬಿಗ್ ರೂಮ್ ಎಂಬುದನ್ನು ಬಾವಲಿಗಳು ಮರಿ ಹಾಕುವ ಕಾಲವಾದ ಏಪ್ರಿಲ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಮುಚ್ಚುತ್ತಾರೆ. ಹಾಗಾಗಿ ಎರಡೂ ಭಾಗಗಳನ್ನು ನೋಡಬೇಕೆನ್ನುವವರು ಚಳಿಯನ್ನು ಸಹಿಸಲೇಬೇಕು.

ಈ ಗುಹೆಯ ಉದ್ಯಾನದಲ್ಲಿಯೇ ಸರ್ಕಾರದ ಆರ್‌ವಿ ತಂಗುದಾಣವಿದೆಯೆಂದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಸೈಟಿನಲ್ಲಿ ನೀರು ಮತ್ತು ವಿದ್ಯುತ್ ಇದೆ, ಚರಂಡಿ ಸಂಪರ್ಕವಿಲ್ಲ. ಹೊರಡುವಾಗ ಒಂದು ಕಡೆ ತೊಟ್ಟಿ ಖಾಲಿ ಮಾಡಿಕೊಂಡು ಹೋಗಬೇಕು. ಈಜುಕೊಳವಿಲ್ಲ, ಇಸ್ಪೀಟಿಲ್ಲ. ಸುತ್ತ ಬೆಟ್ಟ, ರಾತ್ರಿ ಗಾಢ ಕತ್ತಲು. ಎರಡು ರಾತ್ರಿ ಮಾತ್ರ ತಂಗುವವರಿಗೆ ಅದೇ ಲೇಸೆಂದು ನನ್ನ ಅಭಿಪ್ರಾಯ. ಮೂರು ನಾಲ್ಕು ದಿನ ನಿಂತು, ದಿನವೂ ಅಡುಗೆ ಮಾಡಿ, ಹಿರಿಯರನ್ನೂ ಸಂಭಾಳಿಸುವವರಿಗೆ ಚರಂಡಿಯ ಸಂಪರ್ಕವಿರುವ ರೆಸಾರ್ಟೇ ಸರಿ, ಸೈಟು ಅಂಚಿನದಾಗಿದ್ದರೆ.

ಅಂಚಿನ ಸೈಟಿನ ಬೆಲೆ ನನಗೆ ಕೊನೆಯ ರಾತ್ರಿ ತಿಳಿಯಿತು. ಬಟ್ಟೆ ಒಗೆಯುವ ಕೋಣೆಯ ದೀಪ ಇಡೀ ರಾತ್ರಿ ನಮ್ಮ ಕಿಟಕಿಗೆ ಹೊಡೆಯುತ್ತಿದ್ದುದರಿಂದ, ಒಂಬತ್ತರ ಹೊತ್ತಿಗೆ ಕುರ್ಚಿಗಳನ್ನು ಹೊತ್ತುಕೊಂಡು ನಾವು ಕಾದಿರಿಸಿ ಕಳೆದುಕೊಂಡಿದ್ದ ಆ ಸೈಟಿನ ಹಿಂದಿನ ಬಯಲಿಗೆ ಹೋದೆವು. ದಕ್ಷಿಣದ ದಿಗಂತಕ್ಕೆ ತಾಗಿಕೊಂಡಂತೆ, ಗುಡ್ಡಗಳ ತಗ್ಗಿನಲ್ಲಿ, ಒಂದು ನಕ್ಷತ್ರ ಮಿನುಗುತ್ತಿತ್ತು. "ಅಗಸ್ತ್ಯ ಇಷ್ಟು ಕೆಳಗೆ ಇಳಿದುಬಿಟ್ಟಿದ್ದಾನೆ" ಎಂದು ತಂದೆಯವರು ಗುರುತಿಸಿದರು. ನಮ್ಮೂರಿನಲ್ಲಿ ಅದು ದಿಗಂತದಿಂದ ಇಪ್ಪತ್ತು ಡಿಗ್ರಿಗೂ ಮೇಲೆ ಕಾಣುವ ನಕ್ಷತ್ರ. ಇಲ್ಲಿ ಐದು ಡಿಗ್ರಿಯಷ್ಟು ಮಾತ್ರ ಏಳುತ್ತದೆ. ಸಮುದ್ರವನ್ನೇ ಕುಡಿದವನಿಗೆ ಈ ಸೀಮೆಯಲ್ಲಿ ಕುಡಿಯಲೇನಿದೆ ಎಂದು ತಾಯಿಯವರು ಕೇಳಿದರು. ಅನಂತರ ನನ್ನ ಕಡೆ ತಿರುಗಿ, "ಪೈಪು ಬಿಚ್ಚಿದೆಯಾ?" ಎಂದರು. ಬಿಚ್ಚಿರಲಿಲ್ಲ. ಎದ್ದು ಹೋದೆ.